ಆರ್ಡರ್ ತುಂಬಾ ಇದೆ, ಕೈಯಲ್ಲಿ ದುಡ್ಡಿಲ್ಲ: ಬೆಳೆಯುತ್ತಿರುವ ಸಣ್ಣ ಕಾರ್ಖಾನೆ ದಿಕ್ಕು ಗೊತ್ತುಮಾಡಿಕೊಳ್ಳುವ ಕ್ರಮ

ಬೆಳೆಯುವ ಹಂತದಲ್ಲಿರುವ ಸಣ್ಣ ಕಾರ್ಖಾನೆಯವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಮಷಿನ್ ಬುಕ್ ಮಾಡುತ್ತಾರೆ, ಆಮೇಲೆ ಅದಕ್ಕೆ ಕೆಲಸ ಹುಡುಕುತ್ತಾರೆ. ಸಿಕ್ಕಿದ ಕೆಲಸಕ್ಕೆ ಸಿಕ್ಕಿದ ರೇಟು. ಮೂರು ವರ್ಷದಲ್ಲಿ ಟರ್ನೋವರ್ ಎರಡರಷ್ಟಾಗಿರುತ್ತದೆ, ಆದರೆ ಸಂಬಳದ ದಿನ ಒಡಿ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ) ಲಿಮಿಟ್ ಮುಗಿದಿರುತ್ತದೆ. ಆಗ ಯಾರೋ "ನಿಮಗೆ ಸ್ಟ್ರಾಟೆಜಿ ಇಲ್ಲ" ಎನ್ನುತ್ತಾರೆ. ಒಂದು ಭಾನುವಾರ ಕೂತು ವಿಷನ್, ಮಿಷನ್ ಬರೆದು, ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ಸೋಮವಾರ ಬಂದ ಎನ್‌ಕ್ವೈರಿಗೆ ಹೂಂ ಅನ್ನಬೇಕೋ ಬೇಡವೋ ಎಂದು ಆ ಫ್ರೇಮ್ ಹೇಳುವುದಿಲ್ಲ.

ಇಲ್ಲಿ ದಿಕ್ಕು ಅಂದರೆ ತುಂಬಾ ಸಣ್ಣ ಮಾತು. ಯಾವ ಕೆಲಸ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಮಾಲೀಕರು ಊರಲ್ಲಿ ಇಲ್ಲದ ದಿನವೂ ಸೂಪರ್‌ವೈಸರ್‌ಗೆ ಗೊತ್ತಿರಬೇಕು. ಅಷ್ಟೇ. ಅದಕ್ಕೆ ಒಂಬತ್ತು ಹಂತ ಇವೆ. ಕ್ರಮ ತಪ್ಪಿಸಬೇಡಿ. ಏಳನೇ ಹಂತದ ಮಷಿನ್ ಮೊದಲನೆಯದಾಗಿ ಬಂದರೆ ಉಳಿದ ಎಂಟೂ ಕೆಡುತ್ತವೆ.

ಲೆಕ್ಕ ತೋರಿಸಲು ಪೀಣ್ಯದಲ್ಲಿ ಇರಬಹುದಾದಂಥ ಒಂದು ಮಷಿನ್ ಶಾಪನ್ನು ಕಲ್ಪಿಸಿಕೊಂಡಿದ್ದೇನೆ. ಮೂರು ಸಿಎನ್‌ಸಿ ಲೇತ್, ಎರಡು ವಿಎಂಸಿ (ಎರಡೂ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಷಿನ್), 14 ಜನ, 11 ಗಿರಾಕಿ, ತಿಂಗಳಿಗೆ 30 ಲಕ್ಷ ರೂಪಾಯಿ ಬಿಲ್ಲಿಂಗ್. ನಿಮ್ಮದು ಬೇಕರಿಯಾದರೆ ಮಷಿನ್ ಗಂಟೆ ಎಂದಲ್ಲಿ ಓವನ್ ಗಂಟೆ ಎಂದು ಓದಿಕೊಳ್ಳಿ. ಗಾರ್ಮೆಂಟ್ ಆದರೆ ಹೊಲಿಗೆ ಲೈನಿನ ಗಂಟೆ. ಲೆಕ್ಕದ ದಾರಿ ಅದೇ.

## ಶುರು ಮಾಡುವ ಮೊದಲು ಏನೇನು ಬೇಕು

- ಕಳೆದ 12 ತಿಂಗಳ ಸೇಲ್ಸ್ ರಿಜಿಸ್ಟರ್, ಗಿರಾಕಿವಾರು (ಟ್ಯಾಲಿಯಲ್ಲಿ ಹತ್ತು ನಿಮಿಷದ ಕೆಲಸ)
- ಒಡಿ ಅಥವಾ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯ ಸ್ಟೇಟ್‌ಮೆಂಟ್, ಅದೇ 12 ತಿಂಗಳದ್ದು
- ಪ್ರತಿ ಮಷಿನ್‌ನ ಲಾಗ್ ಬುಕ್. ಇಲ್ಲದಿದ್ದರೆ ಇವತ್ತೇ ಶುರು ಮಾಡಿ, ನಾಲ್ಕು ವಾರ ಕಾಯಿರಿ
- ಕೊಟೇಶನ್ ಫೈಲ್, ಮುಖ್ಯವಾಗಿ ಕೈತಪ್ಪಿದ ಆರ್ಡರ್‌ಗಳದ್ದು
- ರಿಜೆಕ್ಷನ್ ಮತ್ತು ಡೆಬಿಟ್ ನೋಟ್‌ಗಳು (ಮಾಲು ಸರಿಯಿಲ್ಲವೆಂದು ಗಿರಾಕಿ ದುಡ್ಡು ಮುರಿದುಕೊಂಡ ಕಾಗದ)
- ಒಂದು ನೋಟ್‌ಬುಕ್

ಎರಡು ಅರ್ಧ ದಿನ ಇಟ್ಟುಕೊಳ್ಳಿ, ಶೆಡ್ಡಿನಿಂದ ಹೊರಗೆ. ಶೆಡ್ಡಿನಲ್ಲಿ ಕೂತರೆ ಹದಿನೈದು ನಿಮಿಷಕ್ಕೊಮ್ಮೆ ಯಾರಾದರೂ ಡ್ರಾಯಿಂಗ್ ಹಿಡಿದು ಬರುತ್ತಾರೆ. ಪಾಲುದಾರರು, ಸೂಪರ್‌ವೈಸರ್, ಲೆಕ್ಕ ಬರೆಯುವವರು ಜೊತೆಗಿರಲಿ. ಲಾಗ್ ಬುಕ್ ಇಲ್ಲದೆ ಅಂದಾಜಿನಲ್ಲಿ ಮುಂದುವರಿಯಬೇಡಿ. "ನಮ್ಮ ಮಷಿನ್ ನಿಲ್ಲೋದೇ ಇಲ್ಲ ಸಾರ್" ಎನ್ನುವ ಶೆಡ್ಡಿನಲ್ಲೇ ಮಷಿನ್ ಜಾಸ್ತಿ ನಿಂತಿರುತ್ತದೆ.

## ಹಂತ 1: ಒಂದು ಮಷಿನ್ ಗಂಟೆಗೆ ನಿಜವಾಗಿ ಎಷ್ಟು ಬೀಳುತ್ತದೆ

ನಮ್ಮ ಶೆಡ್ಡಿನ ಒಂದು ವಿಎಂಸಿ ತೆಗೆದುಕೊಳ್ಳಿ. ಬೆಲೆ 30 ಲಕ್ಷ, ಪೂರ್ತಿ ಸಾಲ, ಬಡ್ಡಿ ಶೇ. 11, ಐದು ವರ್ಷ. ಕಂತು ಸುಮಾರು 65,000 ರೂಪಾಯಿ. ಎರಡು ಶಿಫ್ಟಿಗೆ ಇಬ್ಬರು ಆಪರೇಟರ್‌ಗಳಿಗೆ 48,000. ಕರೆಂಟಿಗೆ 18,000. ಬಾಡಿಗೆ, ಸೂಪರ್‌ವೈಸರ್, ಇನ್‌ಸ್ಪೆಕ್ಷನ್, ಆಫೀಸು, ಮಾಲೀಕರ ಸಂಬಳ, ಇವೆಲ್ಲದರಲ್ಲಿ ಐದನೇ ಒಂದು ಪಾಲು 44,000. ಒಟ್ಟು 1,75,000.

ಈಗ ಗಂಟೆ. ಎಂಟು ಗಂಟೆಯ ಎರಡು ಶಿಫ್ಟ್, 25 ದಿನ: 400 ಗಂಟೆ. ಭಾಗಿಸಿದರೆ ಗಂಟೆಗೆ 438 ರೂಪಾಯಿ. ಹಾಗಾಗಿ ಮಾಲೀಕರು 550 ರೂಪಾಯಿ ರೇಟು ಕೊಟ್ಟು, 112 ಲಾಭ ಎಂದುಕೊಂಡು ಮಲಗುತ್ತಾರೆ.

ಆದರೆ ಲಾಗ್ ಬುಕ್ ಬೇರೆ ಹೇಳುತ್ತದೆ. ಸೆಟ್ಟಿಂಗ್ (ಹೊಸ ಕೆಲಸಕ್ಕೆ ಮಷಿನ್ ಹೊಂದಿಸುವುದು), ಫಸ್ಟ್ ಪೀಸ್ ಇನ್‌ಸ್ಪೆಕ್ಷನ್‌ಗೆ ಕಾಯುವುದು, ಇನ್ಸರ್ಟ್ (ಕೊರೆಯುವ ಅಲಗು) ಮುರಿದದ್ದು, ಮೆಟೀರಿಯಲ್ ಬಾರದೆ ಇದ್ದದ್ದು, ಆಪರೇಟರ್ ಊರಿನ ಜಾತ್ರೆಗೆ ಹೋದದ್ದು. ಇದೆಲ್ಲ ಕಳೆದರೆ ಚಿಪ್ ಹಾರಿದ್ದು, ಅಂದರೆ ಮಷಿನ್ ನಿಜವಾಗಿ ಲೋಹ ಕೊರೆದದ್ದು, 240 ಗಂಟೆ. 1,75,000ವನ್ನು 240ರಿಂದ ಭಾಗಿಸಿ: 729 ರೂಪಾಯಿ. 550ಕ್ಕೆ ಮಾಡುವ ಪ್ರತಿ ಗಂಟೆಗೂ 179 ರೂಪಾಯಿ ಕೈಯಿಂದ ಹೋಗುತ್ತಿದೆ.

ಇಲ್ಲಿ ಎರಡು ತಪ್ಪು ಪದೇಪದೇ ನಡೆಯುತ್ತವೆ. ಮೊದಲನೆಯದು, ಮಾಲೀಕರ ಮತ್ತು ಮನೆಯವರ ದುಡಿಮೆಗೆ ಸಂಬಳ ಹಾಕದಿರುವುದು. ಹೆಂಡತಿ ಲೆಕ್ಕ ಬರೆಯುತ್ತಾರೆ, ತಮ್ಮ ಡೆಲಿವರಿ ನೋಡಿಕೊಳ್ಳುತ್ತಾನೆ, ಇಬ್ಬರಿಗೂ ಸೊನ್ನೆ. ನಾಳೆ ಆ ಜಾಗಕ್ಕೆ ಹೊರಗಿನವರನ್ನು ತಂದಾಗ ರೇಟು ಮುರಿಯುತ್ತದೆ. ಎರಡನೆಯದು ಇನ್ನೂ ಮೋಸದ್ದು. ಕಂತು ತೀರಿದ ಮಷಿನ್ "ಫ್ರೀ" ಎಂದುಕೊಂಡು ರೇಟು ಇಳಿಸುವುದು. ಆ ಮಷಿನ್ ಸವೆದಾಗ ಹೊಸದಕ್ಕೆ ದುಡ್ಡು ಎಲ್ಲಿಂದ? ಕಂತು ಮುಗಿದರೂ ಅಷ್ಟೇ ಮೊತ್ತವನ್ನು ಲೆಕ್ಕದಲ್ಲಿ ಉಳಿಸಿಕೊಳ್ಳಿ. ಆಗುವುದಾದರೆ ಬೇರೆ ಖಾತೆಗೇ ಹಾಕಿ.

## ಹಂತ 2: ಗಿರಾಕಿವಾರು, ಗಂಟೆಗೆ ಉಳಿಯುವುದೆಷ್ಟು

ಬಿಲ್ಲಿನ ಮೊತ್ತ ನೋಡಬೇಡಿ. ಬಿಲ್ಲಿನಿಂದ ಮೆಟೀರಿಯಲ್, ಪ್ಲೇಟಿಂಗ್ ಅಥವಾ ಹೀಟ್ ಟ್ರೀಟ್‌ಮೆಂಟ್, ಟೂಲ್, ಸಾಗಣೆ ಕಳೆಯಿರಿ. ಉಳಿದದ್ದನ್ನು ಆ ಗಿರಾಕಿಗೆ ಓಡಿದ ಮಷಿನ್ ಗಂಟೆಯಿಂದ ಭಾಗಿಸಿ. ಮೆಟೀರಿಯಲ್ ಪಾರ್ಟಿಯೇ ಕೊಡುವ ಜಾಬ್ ವರ್ಕ್ ಇರಲಿ, ನೀವೇ ಕೊಳ್ಳುವ ಕೆಲಸ ಇರಲಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಇದೊಂದೇ ದಾರಿ.

ನಮ್ಮ ಶೆಡ್ಡಿನ ಒಂದು ತಿಂಗಳು ಹೀಗಿದೆ. ಒಟ್ಟು 1,200 ಗಂಟೆ.

- ದೊಡ್ಡ ಗಿರಾಕಿ: ಬಿಲ್ 18 ಲಕ್ಷ, ಉಳಿದದ್ದು 5.2 ಲಕ್ಷ, 800 ಗಂಟೆ. ಗಂಟೆಗೆ 650.
- ಎರಡನೆಯವರು: ಬಿಲ್ 5 ಲಕ್ಷ, ಉಳಿದದ್ದು 2 ಲಕ್ಷ, 200 ಗಂಟೆ. ಗಂಟೆಗೆ 1,000.
- ಮೂರನೆಯವರು (ಸ್ಯಾಂಪಲ್, ಬಿಡಿಭಾಗ): ಬಿಲ್ 1.8 ಲಕ್ಷ, ಉಳಿದದ್ದು 1.2 ಲಕ್ಷ, 100 ಗಂಟೆ. ಗಂಟೆಗೆ 1,200.
- ಉಳಿದ ಎಂಟು ಜನ ಸೇರಿ: ಬಿಲ್ 5.2 ಲಕ್ಷ, ಉಳಿದದ್ದು 70,000, 100 ಗಂಟೆ. ಗಂಟೆಗೆ 700.

ಎಲ್ಲ ಸೇರಿ ಉಳಿದದ್ದು 9.1 ಲಕ್ಷ. ಐದೂ ಮಷಿನ್‌ಗೆ ಒಂದೇ ಖರ್ಚು ಎಂದುಕೊಂಡರೆ ಒಟ್ಟು ಖರ್ಚು 8.75 ಲಕ್ಷ. ಮೂವತ್ತು ಲಕ್ಷದ ಬಿಲ್ಲಿಂಗ್ ಮಾಡಿ ಕೈಗೆ ಬಂದದ್ದು ಮೂವತ್ತೈದು ಸಾವಿರ. ಅದೂ ಪೂರ್ತಿ ನಿಜವಲ್ಲ, ಒಂದು ಖರ್ಚನ್ನು ಬೇಕೆಂದೇ ಬಿಟ್ಟಿದ್ದೇನೆ. ಆರನೇ ಹಂತದಲ್ಲಿ ಬರುತ್ತದೆ.

ಈಗ ಎಲ್ಲರಿಗೂ ಬರುವ ಯೋಚನೆ: ದೊಡ್ಡ ಗಿರಾಕಿ 650 ಕೊಡುತ್ತಾರೆ, ನಮ್ಮ ಖರ್ಚು 729, ಹಾಗಾದರೆ ಅವರನ್ನು ಬಿಟ್ಟುಬಿಡೋಣ. ದಯವಿಟ್ಟು ಬೇಡ. ಅವರು ಹೋದ ದಿನ 5.2 ಲಕ್ಷ ಹೋಗುತ್ತದೆ, ಆದರೆ ಕಂತು, ಬಾಡಿಗೆ, ಸಂಬಳ ಹಾಗೆಯೇ ಇರುತ್ತವೆ. ಒಂದೇ ತಿಂಗಳಲ್ಲಿ ಶೆಡ್ಡಿಗೆ ಬೀಗ. 729 ಎಂಬ ಸಂಖ್ಯೆ ಹೊಸ ಕೆಲಸಕ್ಕೆ ರೇಟು ಕಟ್ಟಲು. ಹಳೆಯ ಕೆಲಸ ಬಿಡಲು ಬೇರೆ ಪ್ರಶ್ನೆ ಕೇಳಬೇಕು: ಆ ಗಂಟೆಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನ್ನ ಕೈಯಲ್ಲಿ ಇವತ್ತು ಇದೆಯೇ?

ಇದ್ದರೆ ಏನಾಗುತ್ತದೆ ನೋಡಿ. ದೊಡ್ಡ ಗಿರಾಕಿಯ 800 ಗಂಟೆಯಲ್ಲಿ 200 ಗಂಟೆಯನ್ನು ಎರಡನೆಯವರ ಥರದ ಕೆಲಸಕ್ಕೆ ಕೊಟ್ಟರೆ ಗಂಟೆಗೆ 350 ಜಾಸ್ತಿ, ತಿಂಗಳಿಗೆ 70,000. ಬಿಲ್ಲಿಂಗ್ ಏರುವುದು ಬರೀ 50,000, ಲಾಭ ಮಾತ್ರ 35,000ದಿಂದ 1,05,000ಕ್ಕೆ. ಹೊಸ ಮಷಿನ್ ಇಲ್ಲ, ಹೊಸ ಸಾಲ ಇಲ್ಲ. ಬೆಳವಣಿಗೆ ಅಂದರೆ ಟರ್ನೋವರ್ ಎಂದುಕೊಂಡವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಎಚ್ಚರಿಕೆಯ ಗುರುತು: ಉಳಿದ ಎಂಟು ಜನರ ಸಾಲಿನಲ್ಲಿ ಗಂಟೆ ಕಡಿಮೆ ಕಾಣುತ್ತದೆ, ಆದರೆ ಸೆಟ್ಟಿಂಗ್ ಟೈಮ್ ಅಲ್ಲೇ ಹೋಗಿರುತ್ತದೆ. ಹತ್ತು ಪೀಸಿಗೆ ಎರಡು ಗಂಟೆ ಸೆಟ್ಟಿಂಗ್ ಹಿಡಿಯುವ ಕೆಲಸವನ್ನು ಲಾಗ್ ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

## ಹಂತ 3: ಒಳ್ಳೆಯ ಗಿರಾಕಿ ನಿಮ್ಮ ಹತ್ತಿರ ಯಾಕೆ ಬರುತ್ತಾರೆ, ಕೇಳಿ

ಗಂಟೆಗೆ ಜಾಸ್ತಿ ಉಳಿಸಿಕೊಡುವ ಇಬ್ಬರು ಮೂವರನ್ನು ಖುದ್ದಾಗಿ ಭೇಟಿ ಮಾಡಿ. ಪರ್ಚೇಸ್‌ನವರನ್ನಷ್ಟೇ ಕೇಳಿದರೆ "ರೇಟು ಜಾಸ್ತಿ" ಎಂದೇ ಹೇಳುತ್ತಾರೆ, ಅದು ಅವರ ಕೆಲಸ. ಕ್ವಾಲಿಟಿ ಮತ್ತು ಸ್ಟೋರ್ಸ್‌ನವರನ್ನು ಕೇಳಿ. ಒಂದೇ ಪ್ರಶ್ನೆ ಸಾಕು: "ಈ ಕೆಲಸ ಬೇರೆಯವರಿಗೆ ಕೊಟ್ಟಾಗ ಏನು ತೊಂದರೆ ಆಗಿತ್ತು?"

ಉತ್ತರ ನಿಮ್ಮ ಊಹೆಗಿಂತ ಬೇರೆ ಇರಬಹುದು. ನೀವು ಮೈಕ್ರಾನ್ ಲೆಕ್ಕದ ನಿಖರತೆ ಎಂದುಕೊಂಡಿರುತ್ತೀರಿ, ಅವರು "ಹೇಳಿದ ದಿನ ಬರುತ್ತೆ, ಜೊತೆಗೆ ಇನ್‌ಸ್ಪೆಕ್ಷನ್ ರಿಪೋರ್ಟ್ ಇರುತ್ತೆ" ಎನ್ನುತ್ತಾರೆ. ಅದನ್ನೇ ಅವರ ಮಾತಿನಲ್ಲೇ ಬರೆದುಕೊಳ್ಳಿ. ಮುಂದಿನ ಹಂತಕ್ಕೆ ಬೇಕು.

## ಹಂತ 4: ದಿಕ್ಕನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ವಾಕ್ಯದಲ್ಲಿ ನಾಲ್ಕು ಸಂಗತಿ ಇರಬೇಕು: ಯಾವ ಥರದ ಕೆಲಸ, ಯಾರಿಗೆ, ಗಂಟೆಗೆ ಕನಿಷ್ಠ ಎಷ್ಟು, ಯಾವ ತಿಂಗಳೊಳಗೆ.

ಕೆಲಸಕ್ಕೆ ಬಾರದ ವಾಕ್ಯ: "ಗುಣಮಟ್ಟದ ಬಿಡಿಭಾಗಗಳನ್ನು ಸ್ಪರ್ಧಾತ್ಮಕ ಬೆಲೆಗೆ ಕೊಟ್ಟು ಮುಂಚೂಣಿ ಸಂಸ್ಥೆಯಾಗುವುದು." ಇದನ್ನು ಓದಿ ಯಾವ ಆರ್ಡರನ್ನೂ ಬಿಡಲು ಆಗುವುದಿಲ್ಲ.

ಕೆಲಸಕ್ಕೆ ಬರುವ ವಾಕ್ಯ: "ಪಂಪ್ ಮತ್ತು ವಾಲ್ವ್ ತಯಾರಕರಿಗೆ 50ರಿಂದ 500 ಪೀಸ್‌ವರೆಗಿನ ಸ್ಟೇನ್‌ಲೆಸ್ ಭಾಗಗಳು, ರಿಪೋರ್ಟ್ ಸಮೇತ, ಗಂಟೆಗೆ 900 ರೂಪಾಯಿಗೆ ಕಡಿಮೆ ಇಲ್ಲದಂತೆ; ಮುಂದಿನ ಮಾರ್ಚ್ ಹೊತ್ತಿಗೆ ನಮ್ಮ ಅರ್ಧದಷ್ಟು ಗಂಟೆ ಇದಕ್ಕೆ."

ಪರೀಕ್ಷೆ ಸುಲಭ. ಕಳೆದ ತಿಂಗಳ ಹತ್ತು ಎನ್‌ಕ್ವೈರಿ ತೆಗೆದು ಸೂಪರ್‌ವೈಸರ್ ಕೈಗೆ ಕೊಡಿ. ವಾಕ್ಯ ಓದಿಕೊಂಡು ಹೂಂ, ಉಹೂಂ ಎಂದು ಗುರುತು ಹಾಕಲಿ. ಬೇರೆ ಹಾಳೆಯಲ್ಲಿ ನೀವೂ ಹಾಕಿ. ಎಂಟಾದರೂ ಹೊಂದಬೇಕು. ಹೊಂದದಿದ್ದರೆ ತಪ್ಪು ಸೂಪರ್‌ವೈಸರ್‌ದಲ್ಲ, ವಾಕ್ಯದ್ದು. ಇನ್ನೊಂದು ಸಲ ಬರೆಯಿರಿ. ಹತ್ತಕ್ಕೆ ಹತ್ತೂ ಹೂಂ ಆಗಿದ್ದರೆ ಇನ್ನೂ ಕಷ್ಟ, ನೀವು ದಿಕ್ಕನ್ನೇ ಬರೆದಿಲ್ಲ.

ವಿಮಾನ ಬಿಡಿಭಾಗ, ಎಲೆಕ್ಟ್ರಿಕ್ ಗಾಡಿ ಎಂದು ಈಗ ಎಲ್ಲರ ಬಾಯಲ್ಲೂ ಇರುವುದನ್ನೇ ವಾಕ್ಯಕ್ಕೆ ಸೇರಿಸಬೇಡಿ. ಎರಡನೇ ಹಂತದ ಪಟ್ಟಿಯಲ್ಲಿ ಆ ಥರದ ಒಂದು ಕೆಲಸವಾದರೂ ಆಗಲೇ ಇರಬೇಕು. ಇಲ್ಲದಿದ್ದರೆ ಅದು ಆಸೆ.

## ಹಂತ 5: ಬಿಡುವ ಪಟ್ಟಿ, ಬಿಡುವ ಕ್ರಮ

ಎಲ್ಲರೂ ಹಾರಿಸುವ ಹಂತ ಇದು. ಬಾಯಿಬಿಟ್ಟು ಇಲ್ಲ ಎನ್ನಲು ಸಂಕೋಚ. ಎಷ್ಟೋ ವರ್ಷದ ಪರಿಚಯ, ಮೊದಲ ಆರ್ಡರ್ ಕೊಟ್ಟವರು, ಮದುವೆಗೆ ಬಂದು ಹೋದವರು. ಹಾಗಾಗಿ ಗಿರಾಕಿಯ ಹೆಸರಿನ ಪಟ್ಟಿ ಮಾಡಬೇಡಿ, ಪಾರ್ಟ್ ನಂಬರಿನ ಪಟ್ಟಿ ಮಾಡಿ. ಒಬ್ಬ ಗಿರಾಕಿಯ ನಲವತ್ತು ಪಾರ್ಟ್‌ನಲ್ಲಿ ಹತ್ತು ಚೆನ್ನಾಗಿರುತ್ತವೆ, ಹತ್ತು ರಕ್ತ ಹೀರುತ್ತವೆ. ಆ ಹತ್ತನ್ನು ಮಾತ್ರ ಬಿಡುವುದಾದರೆ ಸಂಬಂಧ ಉಳಿಯುತ್ತದೆ.

ಕ್ರಮ ಹೀಗಿರಲಿ.

ಒಂದು. ಹೊಸ ಕೆಲಸದ ಸ್ಯಾಂಪಲ್ ಮೊದಲು ಪಾಸಾಗಲಿ. ಸ್ಯಾಂಪಲ್ ಕೊಟ್ಟು, ಅವರು ಅಳೆದು, ಅಪ್ರೂವಲ್ ಬರುವಷ್ಟರಲ್ಲಿ ತಿಂಗಳುಗಳೇ ಹೋಗುತ್ತವೆ. ಆ ಕಾಗದ ಕೈಗೆ ಬರುವ ತನಕ ಹಳೆಯ ಒಂದು ಗಂಟೆಯನ್ನೂ ಬಿಡಬೇಡಿ.

ಎರಡು. ಬಿಡಬೇಕಾದ ಪಾರ್ಟ್‌ಗಳಿಗೆ ಮಾತ್ರ ಸರಿಯಾದ ರೇಟಿನ ಹೊಸ ಕೊಟೇಶನ್ ಕೊಡಿ. "ಮಾಡಕ್ಕಾಗಲ್ಲ" ಎನ್ನಬೇಡಿ. "ಇಂಥ ತಾರೀಖಿನಿಂದ ಈ ರೇಟು, ಈಗಿರುವ ಪಿಒ (ಪರ್ಚೇಸ್ ಆರ್ಡರ್) ಹಳೆಯ ರೇಟಿಗೇ ಮುಗಿಸಿಕೊಡುತ್ತೇವೆ" ಎಂದು ಬರೆದು ಕೊಡಿ. ಒಪ್ಪಿದರೆ ಆ ಪಾರ್ಟ್ ಒಳ್ಳೆಯ ಪಾರ್ಟ್ ಆಯಿತು. ಒಪ್ಪದಿದ್ದರೆ ತಾನಾಗಿ ಹೋಯಿತು.

ಮೂರು. ಪಾರ್ಟ್ ಹೋದಾಗ ಅವರ ಫಿಕ್ಸ್ಚರ್ (ಪೀಸ್ ಹಿಡಿಯುವ ಸಾಧನ), ಗೇಜ್ (ಅಳತೆ ಸಾಧನ), ಉಳಿದ ಮೆಟೀರಿಯಲ್ ಎಲ್ಲ ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡು ವಾಪಸ್ ಕೊಡಿ. ಇದನ್ನು ಮರೆತರೆ ಕೊನೆಯ ಪೇಮೆಂಟ್ ಅದೇ ನೆಪದಲ್ಲಿ ನಿಲ್ಲುತ್ತದೆ.

ನಾಲ್ಕು. ದೊಡ್ಡ ಗಿರಾಕಿಯ ಗಂಟೆಯನ್ನು ಆರು ತಿಂಗಳಲ್ಲಿ 800ರಿಂದ 600ಕ್ಕೆ ಇಳಿಸಿ. ಒಂದೇ ಸಲ ಬೇಡ. ತಿಂಗಳಿಗೆ ಮೂವತ್ತು, ನಲವತ್ತು ಗಂಟೆ.

ಸಾಮಾನ್ಯ ತಪ್ಪು: ಎಲ್ಲ ಪಾರ್ಟ್‌ಗೂ ಸುಮ್ನೆ ಶೇ. 10 ರೇಟು ಏರಿಸುವುದು. ಪರ್ಚೇಸ್‌ನವರು ದಡ್ಡರಲ್ಲ. ಲಾಭ ಇರುವ ಪಾರ್ಟ್‌ಗಳನ್ನು ಬೇರೆಯವರಿಗೆ ಕೊಡುತ್ತಾರೆ, ಮೊದಲೇ ಅಗ್ಗವಾಗಿದ್ದವನ್ನು "ಹತ್ತು ಪರ್ಸೆಂಟ್ ಕೊಟ್ಟಿದ್ದೀವಲ್ಲ" ಎಂದು ನಿಮ್ಮಲ್ಲೇ ಬಿಡುತ್ತಾರೆ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

## ಹಂತ 6: ದುಡ್ಡು ಎಷ್ಟು ದಿನಕ್ಕೆ ಬರುತ್ತದೆ

ಬಿಟ್ಟಿದ್ದ ಖರ್ಚು ಇಲ್ಲಿದೆ. ದೊಡ್ಡ ಗಿರಾಕಿ 90 ದಿನಕ್ಕೆ ದುಡ್ಡು ಕೊಡುತ್ತಾರೆ ಎಂದುಕೊಳ್ಳಿ. 18 ಲಕ್ಷದ ಮೂರು ತಿಂಗಳು, 54 ಲಕ್ಷ ಹೊರಗಿದೆ. ಅದು ಒಡಿ ದುಡ್ಡೇ ಆದರೆ ಶೇ. 11ರಂತೆ ತಿಂಗಳಿಗೆ 49,500 ಬಡ್ಡಿ. ಎರಡನೇ ಹಂತದ 35,000 ಲಾಭ ಅಳಿಸಿ, 14,500 ನಷ್ಟ ಎಂದು ಬರೆಯಿರಿ. ಜೊತೆಗೆ ದುಡ್ಡು ಬರದಿದ್ದರೂ ಬಿಲ್ ಹಾಕಿದ ಮುಂದಿನ ತಿಂಗಳು ಜಿಎಸ್‌ಟಿ ಕಟ್ಟಲೇಬೇಕು.

ಅದಕ್ಕೇ ಪ್ರತಿ ಗಿರಾಕಿಯ ಸಾಲಿನಲ್ಲಿ ಇನ್ನೊಂದು ಅಂಕಣ ಸೇರಿಸಿ: ನಿಜವಾಗಿ ದುಡ್ಡು ಬಂದ ದಿನಗಳ ಸರಾಸರಿ. ಪಿಒದಲ್ಲಿ ಬರೆದ ದಿನ ಬೇಡ, ಬ್ಯಾಂಕ್ ಸ್ಟೇಟ್‌ಮೆಂಟಿನ ದಿನ ಬೇಕು.

ಕಾನೂನು ನಿಮ್ಮ ಕಡೆ ಇದೆ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇದ್ದರೆ. 2006ರ ಎಂಎಸ್‌ಎಂಇಡಿ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಮೈಕ್ರೋ ಮತ್ತು ಸಣ್ಣ ಉದ್ಯಮಕ್ಕೆ ಗಿರಾಕಿ ದುಡ್ಡು ಕೊಡುವುದು, ಲಿಖಿತ ಒಪ್ಪಂದ ಇದ್ದರೂ, 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ತಡವಾದ ಬಾಕಿಗೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ಚಾಲ್ತಿಯಲ್ಲಿರುವ ಗಿರಾಕಿಯ ಮೇಲೆ ಯಾರು ದೂರು ಕೊಡುತ್ತಾರೆ, ಅಲ್ವಾ? ಅದಕ್ಕಿಂತ ಹರಿತವಾದ ಆಯುಧ ಆದಾಯ ತೆರಿಗೆಯದು. 43ಬಿ(ಎಚ್) ಎಂದು ಎಲ್ಲರೂ ಕರೆಯುವ ಈ ನಿಯಮ 2024-25ರ ಅಸೆಸ್‌ಮೆಂಟ್ ವರ್ಷದಿಂದ ಬಂದಿದೆ. ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಗಿರಾಕಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. ಫೆಬ್ರವರಿಯಲ್ಲಿ ಅವರ ಅಕೌಂಟ್ಸ್‌ನವರಿಗೆ ಬಾಕಿ ಪಟ್ಟಿ ಮತ್ತು ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ. ಪರ್ಚೇಸ್‌ನವರಿಗಿಂತ ಅಕೌಂಟ್ಸ್‌ನವರಿಗೆ ಮಾರ್ಚ್ 31ರ ಭಯ ಜಾಸ್ತಿ.

ಮೂರು ಜಾಗದಲ್ಲಿ ಜನ ಜಾರುತ್ತಾರೆ. ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಅದನ್ನೇ ಹೋಲುವ ಸೈಟ್‌ಗಳಿಗೆ ಫೀಸು ಕಟ್ಟುತ್ತಾರೆ. ಎರಡನೆಯದು, ಈ ರಕ್ಷಣೆ ಮಧ್ಯಮ ಉದ್ಯಮಕ್ಕಿಲ್ಲ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ ಯಂತ್ರೋಪಕರಣಕ್ಕೆ 25 ಕೋಟಿ, ಟರ್ನೋವರ್‌ಗೆ 100 ಕೋಟಿ. ಎರಡರಲ್ಲಿ ಒಂದು ಮೀರಿದರೂ ಮೇಲಿನ ವರ್ಗ. ನಮ್ಮ ಶೆಡ್ಡು ಇನ್ನೂ ಮೈಕ್ರೋ. ಮೂರನೆಯದು, ಇದೇ ನಿಯಮ ನಿಮಗೂ ಇದೆ. ನಿಮ್ಮ ಪ್ಲೇಟಿಂಗ್‌ನವರು ಉದ್ಯಮ್‌ನಲ್ಲಿದ್ದರೆ ನೀವೂ ಅಷ್ಟೇ ದಿನದಲ್ಲಿ ಕೊಡಬೇಕು.

ದೊಡ್ಡ ಕಂಪನಿಯ ಬಿಲ್ ಆದರೆ ಟ್ರೆಡ್ಸ್ (ಬಿಲ್ಲಿನ ಮೇಲೆ ಮೊದಲೇ ದುಡ್ಡು ಕೊಡಿಸುವ ಆನ್‌ಲೈನ್ ವ್ಯವಸ್ಥೆ) ವಿಚಾರಿಸಿ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಥರದ ವೇದಿಕೆಗಳಲ್ಲಿ ಗಿರಾಕಿ ಒಪ್ಪಿದ ಬಿಲ್ಲನ್ನು ಬ್ಯಾಂಕುಗಳು ಸ್ವಲ್ಪ ಬಡ್ಡಿ ಮುರಿದುಕೊಂಡು ಮೊದಲೇ ದುಡ್ಡು ಮಾಡಿಕೊಡುತ್ತವೆ. 250 ಕೋಟಿಗೂ ಜಾಸ್ತಿ ಟರ್ನೋವರ್ ಇರುವ ಕಂಪನಿಗಳು ಇದರಲ್ಲಿ ನೋಂದಣಿ ಮಾಡಲೇಬೇಕು. ನೋಂದಣಿ ಆಗಿದೆ ಎಂದ ಮಾತ್ರಕ್ಕೆ ನಿಮ್ಮ ಬಿಲ್ ಒಪ್ಪುತ್ತಾರೆ ಎಂದಲ್ಲ. ಹೊಸ ಗಿರಾಕಿಯಾದರೆ ಪಿಒ ತೆಗೆದುಕೊಳ್ಳುವಾಗಲೇ ಕೇಳಿ.

ಕೊನೆಗೆ ಒಂದು ಹಾಳೆ: ಮುಂದಿನ 13 ವಾರ, ವಾರಕ್ಕೊಂದು ಅಂಕಣ. ಬರುವ ದುಡ್ಡು, ಹೋಗುವ ದುಡ್ಡು, ಉಳಿದ ಒಡಿ ಲಿಮಿಟ್. ಸೋಮವಾರ ಬೆಳಿಗ್ಗೆ ತಿದ್ದಿ. ಯಾವ ವಾರ ಉಳಿದ ಲಿಮಿಟ್ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ ಕಾಣುತ್ತದೋ, ಆ ವಾರಕ್ಕೆ ಮೊದಲು ಹೊಸ ಮೆಟೀರಿಯಲ್ ಕೊಳ್ಳುವ ಆರ್ಡರ್ ಹಿಡಿಯಬೇಡಿ.

## ಹಂತ 7: ಮಷಿನ್ ಬೇಕೋ ಬೇಡವೋ, ಈಗ ಕೇಳಿ

ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಐಎಂಟೆಕ್ಸ್ ಮಷಿನ್ ಮೇಳ ನಡೆದಾಗ ಸುಮ್ನೆ ನೋಡಿ ಬರೋಣ ಎಂದು ಹೋಗಿ ಅಡ್ವಾನ್ಸ್ ಕೊಟ್ಟು ಬರುವವರಿದ್ದಾರೆ. ನಾನೂ ಒಮ್ಮೆ ಹಾಗೆ ಬಂದವನೇ. ಆ ಮಷಿನ್ ಎಂಟು ತಿಂಗಳು ಕವರ್ ಹೊದ್ದುಕೊಂಡು ನಿಂತಿತ್ತು, ಕಂತು ಮಾತ್ರ ಪ್ರತಿ ತಿಂಗಳು ಓಡುತ್ತಿತ್ತು. ಆಮೇಲೆ ಈ ಮೂರು ಷರತ್ತು ಬರೆದಿಟ್ಟುಕೊಂಡೆ. ಮೂರೂ ಆಗಬೇಕು.

ಮೊದಲನೆಯದು, ಇರುವ ಮಷಿನ್‌ಗಳ 240 ಗಂಟೆ 280 ಆಗಲಿ. ಐದು ಮಷಿನ್‌ನಲ್ಲಿ ತಲಾ 40 ಗಂಟೆ ಅಂದರೆ 200 ಗಂಟೆ. ಅದು ಹೆಚ್ಚುಕಮ್ಮಿ ಆರನೇ ಮಷಿನ್, ಸಾಲವಿಲ್ಲದ್ದು. ಮುಂದಿನ ಕೆಲಸದ ಟೂಲ್, ಫಿಕ್ಸ್ಚರ್, ಪ್ರೋಗ್ರಾಂ ಹಿಂದಿನ ಕೆಲಸ ಓಡುತ್ತಿರುವಾಗಲೇ ಸಿದ್ಧವಾಗಲಿ. ಫಸ್ಟ್ ಪೀಸ್ ಹಿಡಿದು ಆಪರೇಟರ್ ಇನ್‌ಸ್ಪೆಕ್ಟರ್‌ಗೆ ಕಾಯುವುದು ನಿಲ್ಲಲಿ. ಇದಕ್ಕೆ ಒಬ್ಬ ಒಳ್ಳೆಯ ಸೆಟ್ಟರ್ ಬೇಕಾಗಬಹುದು. ಅವನ ಸಂಬಳ ಮಷಿನ್ ಕಂತಿಗಿಂತ ಕಡಿಮೆ.

ಎರಡನೆಯದು, ಹೊಸ ಮಷಿನ್‌ನ ಗಂಟೆಗಳಲ್ಲಿ ಶೇ. 60ಕ್ಕೆ, ನಿಮ್ಮ ವಾಕ್ಯಕ್ಕೆ ಹೊಂದುವ ಕೆಲಸದ ಅಪ್ರೂವಲ್ ಮತ್ತು ಶೆಡ್ಯೂಲ್ ಕಾಗದದಲ್ಲಿ ಇರಬೇಕು. "ಮಷಿನ್ ಹಾಕಿ ಸಾರ್, ಕೆಲಸ ಕೊಡ್ತೀವಿ" ಎಂಬ ಬಾಯಿಮಾತಿಗೆ ಬ್ಯಾಂಕ್ ಕಂತು ಕಟ್ಟುವುದಿಲ್ಲ.

ಮೂರನೆಯದು, ಕೆಲಸವೇ ಬರದಿದ್ದರೂ ಆರು ಕಂತು ಕಟ್ಟುವ ಶಕ್ತಿ 13 ವಾರದ ಹಾಳೆಯಲ್ಲಿ ಕಾಣಬೇಕು.

ಸಾಲದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಸಿಜಿಟಿಎಂಎಸ್‌ಇ ಎಂಬ ಸರ್ಕಾರಿ ಟ್ರಸ್ಟಿನ ಗ್ಯಾರಂಟಿಯಲ್ಲಿ ಮೈಕ್ರೋ ಮತ್ತು ಸಣ್ಣ ಉದ್ಯಮಕ್ಕೆ ಆಸ್ತಿ ಅಡವಿಲ್ಲದೆ ಸಾಲ ಸಿಗುತ್ತದೆ, ಮಿತಿ ಈಗ 10 ಕೋಟಿ. ಆದರೆ ಆ ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ. ಸಾಲ ಮುಳುಗಿದರೆ ನೀವು ಕಟ್ಟಬೇಕಾದ್ದು ಹಾಗೆಯೇ ಇರುತ್ತದೆ.

ಅಳತೆಯ ಮಷಿನ್ ವಿಷಯದಲ್ಲೂ ಅವಸರ ಬೇಡ. ಸಿಎಂಎಂ ಕೊಳ್ಳುವ ಮೊದಲು ಹೊರಗೆ ಗಂಟೆ ಲೆಕ್ಕದಲ್ಲಿ ಅಳೆಸಿ. ಹೊರಗೆ ಕೊಡುವ ಬಿಲ್ ತಿಂಗಳ ಕಂತನ್ನು ಮುಟ್ಟಿದಾಗ ಕೊಂಡರಾಯಿತು. ಸರ್ಟಿಫಿಕೇಟ್‌ಗೂ ಅದೇ ಮಾತು. ಆಟೋಮೊಬೈಲ್‌ಗೆ ಐಎಟಿಎಫ್ 16949, ವಿಮಾನಕ್ಕೆ ಎಎಸ್ 9100 ಬೇಕೆನ್ನುತ್ತಾರೆ. ಕೇಳುವ ಗಿರಾಕಿ ಎದುರಿಗಿದ್ದರೆ ಮಾಡಿಸಿ, ಗೋಡೆಗೆಂದು ಬೇಡ.

## ಹಂತ 8: ಯಾರು ಏನು ತೀರ್ಮಾನಿಸುತ್ತಾರೆ

ಅಣ್ಣ ರೇಟು ಕೊಡುತ್ತಾರೆ, ತಮ್ಮ ಡೆಲಿವರಿ ಒಪ್ಪಿಕೊಳ್ಳುತ್ತಾನೆ, ಅಪ್ಪ ಹಳೆಯ ಗೆಳೆಯರಿಗೆ ರಿಯಾಯಿತಿ ಕೊಟ್ಟುಬಿಡುತ್ತಾರೆ. ಮನೆಯವರೇ ನಡೆಸುವ ಕಾರ್ಖಾನೆಯಲ್ಲಿ ದಿಕ್ಕು ತಪ್ಪುವುದು ಇಲ್ಲೇ. ಮೂರು ಸಾಲು ಬರೆಯಿರಿ: 900ಕ್ಕಿಂತ ಕಡಿಮೆ ರೇಟಿಗೆ ಯಾರ ಒಪ್ಪಿಗೆ ಬೇಕು, ಗಿರಾಕಿಗೆ 45 ದಿನಕ್ಕಿಂತ ಜಾಸ್ತಿ ಸಾಲ ಬಿಡಲು ಯಾರದ್ದು, ಮಷಿನ್ ಮತ್ತು ಜನಕ್ಕೆ ಯಾರದ್ದು. ಅಪ್ಪನಿಗೆ ತಿಂಗಳಿಗೆ ಇಷ್ಟು ಗಂಟೆ ಎಂದು ರಿಯಾಯಿತಿಯ ಕೋಟಾ ಕೊಡಿ. ತಮಾಷೆಗೆ ಹೇಳುತ್ತಿಲ್ಲ. ಕೋಟಾ ಇದ್ದರೆ ಅವರೂ ಲೆಕ್ಕ ಇಡುತ್ತಾರೆ.

ಆಪರೇಟರ್‌ಗಳಿಗೆ ವಾಕ್ಯದ ಜೊತೆ ಕಾರಣವನ್ನೂ ಹೇಳಿ. ದೊಡ್ಡ ಗಿರಾಕಿಯ ಕೆಲಸ ಕಡಿಮೆಯಾಗುತ್ತಿದೆ ಎಂದಷ್ಟೇ ಕಂಡರೆ "ಶೆಡ್ಡು ಮುಚ್ಚುತ್ತಾರಂತೆ" ಎಂಬ ಸುದ್ದಿ ಟೀ ಅಂಗಡಿಗೆ ಹೋಗುತ್ತದೆ, ಒಳ್ಳೆಯ ಸೆಟ್ಟರ್ ಪಕ್ಕದ ಶೆಡ್ಡಿಗೆ ಹೋಗುತ್ತಾನೆ.

## ಹಂತ 9: ಬೋರ್ಡಿನ ಮೇಲೆ ನಾಲ್ಕು ಸಂಖ್ಯೆ

ತಿಂಗಳ ಐದನೇ ತಾರೀಖಿನೊಳಗೆ ಬಿಳಿ ಬೋರ್ಡಿನ ಮೇಲೆ ಬರೆಯಿರಿ.

1. ಪ್ರತಿ ಮಷಿನ್‌ನ ಉಪಯೋಗದ ಗಂಟೆ (ಈಗ 240, ಗುರಿ 280)
2. ಗಂಟೆಗೆ ಒಟ್ಟಾರೆ ಉಳಿದದ್ದು (ಈಗ 758)
3. ದೊಡ್ಡ ಗಿರಾಕಿಗೆ ಹೋದ ಗಂಟೆಯ ಪಾಲು (ಈಗ ಶೇ. 67, ಗುರಿ ಶೇ. 50)
4. 45 ದಿನ ಮೀರಿದ ಬಾಕಿ

ಟರ್ನೋವರ್ ಬರೆಯಬೇಡಿ. ಬರೆದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಎರಡನೇ ಸಂಖ್ಯೆ ಏರಿ ಮೊದಲನೆಯದು ಇಳಿದರೆ ಹೊಸ ಕೆಲಸದ ಸೆಟ್ಟಿಂಗ್ ಕಲಿತಾಗಿಲ್ಲ ಎಂದರ್ಥ, ಎರಡು ತಿಂಗಳು ತಾಳಿ. ಎರಡೂ ಇಳಿದರೆ ಮತ್ತೆ ಸಿಕ್ಕಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದೀರಿ. ಕೊಟೇಶನ್ ಫೈಲ್ ತೆಗೆದು ಯಾರು ಅಂದದ್ದು ನೋಡಿ. ನಾಲ್ಕನೆಯದು ಮೂರು ತಿಂಗಳು ಬಿಡದೆ ಏರಿದರೆ ಆ ಗಿರಾಕಿಯ ಹೊಸ ಪಿಒ ತೆಗೆದುಕೊಳ್ಳುವ ಮೊದಲು ಅವರ ಕಾರ್ಖಾನೆಗೊಮ್ಮೆ ಹೋಗಿ ಬನ್ನಿ. ಗೇಟಿನ ಮುಂದೆ ಎಷ್ಟು ಲಾರಿ ನಿಂತಿವೆ, ಎಷ್ಟು ಶಿಫ್ಟ್ ನಡೆಯುತ್ತಿದೆ ಎಂಬುದು ಫೋನಿನಲ್ಲಿ ಗೊತ್ತಾಗುವುದಿಲ್ಲ.

ವಾಕ್ಯವನ್ನು ಆರು ತಿಂಗಳ ತನಕ ಮುಟ್ಟಬೇಡಿ. ಮೊದಲೇ ಬದಲಿಸಬೇಕಾದ ಸಂದರ್ಭ ಎರಡೇ. ಇಬ್ಬರು ಬೇರೆ ಬೇರೆ ಗಿರಾಕಿಗಳು ಸ್ಯಾಂಪಲನ್ನು ಒಂದೇ ಕಾರಣಕ್ಕೆ ವಾಪಸ್ ಕಳಿಸಿದರೆ, ಅಥವಾ ದೊಡ್ಡ ಗಿರಾಕಿ ಸತತ ಎರಡು ತಿಂಗಳು ತಾವಾಗಿಯೇ ಶೆಡ್ಯೂಲ್ ಇಳಿಸಿದರೆ. ಆಗ ಹಂತ 2ಕ್ಕೆ ವಾಪಸ್ ಹೋಗಿ, ಗಂಟೆಯ ಲೆಕ್ಕ ಹೊಸದಾಗಿ ಹಾಕಿ. ಹೊಸ ಹಾಳೆಗೆ ತಾರೀಖು ಹಾಕಿ, ಪಾಲುದಾರರೆಲ್ಲ ಸಹಿ ಮಾಡಿ. ಹಳೆಯ ಹಾಳೆಯನ್ನು ಅದರ ಹಿಂದೆಯೇ ಪಿನ್ ಮಾಡಿ, ಬೋರ್ಡಿನ ಪಕ್ಕ ಸಿಕ್ಕಿಸಿ.